ಕೇರಿಯ ವಿಸಿಆರ್

ನಮ್ಮ ಮನ್ಯಾಗ ಒಂದು ಹಳೇ ವಿಸಿಆರ್ ಐತಿ. ಅಟ್ಟದ ಮೇಲೆ ಧೂಳು ತಿನ್ನುತ್ತ ಬಿದ್ದಿಲ್ಲ. ಗುಂಡಿ ಒತ್ತಿದರೆ ಓಡುತ್ತದೆ. "ಇದನ್ನ ಇನ್ನೂ ಯಾಕ ಇಟ್ಕೊಂಡೀರಿ ಮಾಸ್ತರ, ಗುಜರಿಗಿ ಹಾಕ್ರಿ" ಎನ್ನುವವರಿಗೆ ಲೆಕ್ಕವಿಲ್ಲ. ಗುಜರಿಯವನು ತೂಕ ಮಾಡಿ ಕೊಡುವ ದುಡ್ಡಿನಲ್ಲಿ ಎರಡು ಊಟ ಆದೀತು. ಆದರೆ ಈ ಪೆಟ್ಟಿಗೆಗೆ ಹಾಕುವ ಒಂದು ಕ್ಯಾಸೆಟ್ಟಿನಲ್ಲಿ ನಮ್ಮವ್ವ ಹಾಡುತ್ತಾಳೆ. ಅವ್ವ 2009ರಲ್ಲಿ ತೀರಿಕೊಂಡಳು. ಆಕೆಗೆ ಓದು ಬರುತ್ತಿರಲಿಲ್ಲ. ಆಕೆಯ ಹೆಸರು ರೇಷನ್ ಕಾರ್ಡಿನಲ್ಲಿತ್ತು, ಮತದಾರರ ಪಟ್ಟಿಯಲ್ಲಿತ್ತು. ಎರಡರಲ್ಲೂ ತಪ್ಪು ತಪ್ಪಾಗಿತ್ತು. ಆಕೆಯ ದನಿ ಇರುವುದು ಈ ಕ್ಯಾಸೆಟ್ಟಿನಲ್ಲಿ ಮಾತ್ರ, ಅದೂ ಮೂರು ನಿಮಿಷ.

ಚಳವಳಿಯ ಮಾತು ಬಿಟ್ಟು ಇವನೇನು ರಿಪೇರಿ ಪುರಾಣ ಹಚ್ಚಿದ ಎಂದು ಓದುಗ ಗೆಳೆಯರು ಕೇಳಬಹುದು. ಕೇಳಲಿ. ನಿಮ್ಮ ಊರಿನ ಟ್ರಂಕುಗಳಲ್ಲೂ ಇಂಥ ಕ್ಯಾಸೆಟ್ಟುಗಳಿವೆ. ಮದುವೆಯದು, ಜಯಂತಿಯದು, ಜಾಥಾದ್ದು, ತೀರಿಹೋದ ಯಾರೋ ಹಿರಿಯರ ಭಾಷಣದ್ದು. ಓಡಿಸುವ ಯಂತ್ರ ಸತ್ತರೆ ಅವೆಲ್ಲ ಬರೀ ಕರೀ ಪಟ್ಟಿಯ ಸುರುಳಿ. ಆದ್ದರಿಂದ ಈ ಮಾತು.

ನಮ್ಮ ಸೀಮೆಗೆ ಟೀವಿ ಬಂದ ಕತೆಯೇ ವಿಚಿತ್ರ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲು, 1975ರ ಆಗಸ್ಟ್ 1ರಿಂದ, ಅಮೆರಿಕದ ಎಟಿಎಸ್-6 ಎಂಬ ಉಪಗ್ರಹವನ್ನು ಎರವಲು ಪಡೆದು ನಮ್ಮ ಸರ್ಕಾರ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ತೋರಿಸಿತು. ಅದಕ್ಕೆ 'ಸೈಟ್' ಪ್ರಯೋಗವೆಂದು ಹೆಸರು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳನ್ನು. ಕೊಪ್ಪಳ ಆಗ ಜಿಲ್ಲೆಯಾಗಿರಲಿಲ್ಲ. ನಮ್ಮ ತಳಕಲ್ ರಾಯಚೂರು ಜಿಲ್ಲೆಯ ಯಲಬುರ್ಗಾ ತಾಲೂಕಿಗೆ ಸೇರಿತ್ತು. ಕೋಳಿಗೂಡಿಗೆ ಹಾಕುವ ತಂತಿ ಜಾಳಿಗೆಯಿಂದ ಹತ್ತು ಅಡಿ ಅಗಲದ ಬುಟ್ಟಿ ಮಾಡಿ ಆಕಾಶಕ್ಕೆ ಮುಖ ಮಾಡಿ ನಿಲ್ಲಿಸುತ್ತಿದ್ದರಂತೆ. 1976ರ ಜುಲೈ 31ಕ್ಕೆ ವರ್ಷ ತುಂಬಿತು. ಉಪಗ್ರಹವನ್ನು ಅದರ ಒಡೆಯರು ಸರಿಸಿಕೊಂಡರು. ಪರದೆ ಕಪ್ಪಾಯಿತು. ಎರವಲು ಯಂತ್ರದ ಹಣೆಬರಹವೇ ಅಷ್ಟು. ಏನು ತೋರಿಸಬೇಕು, ಎಷ್ಟು ದಿನ ತೋರಿಸಬೇಕು, ಎಲ್ಲಾ ಕೊಟ್ಟವರ ಮರ್ಜಿ.

ಅದೇ 1976ರಲ್ಲಿ ಜಪಾನಿನ ಜೆವಿಸಿ ಕಂಪನಿ ವಿಎಚ್‌ಎಸ್ ಕ್ಯಾಸೆಟ್ಟಿನ ಯಂತ್ರವನ್ನು ಪೇಟೆಗೆ ತಂದಿತು. ನಮ್ಮ ದೇಶದಲ್ಲಿ 1982ರ ದಿಲ್ಲಿ ಏಷ್ಯಾಡಿನ ಹೊತ್ತಿಗೆ ಬಣ್ಣದ ಟೀವಿ ಬಂತು, ಅದರ ಬೆನ್ನಿಗೆ ವಿಸಿಆರ್ ಬಂತು. 1986ರ ಸುಮಾರಿಗೆ ಅದು ನಮ್ಮೂರಿನ ಜಾತ್ರೆಗೂ ಬಂತು, ಬಾಡಿಗೆಗೆ.

ಊರಾಗ ವಿಡಿಯೋ ತಂದರೆ ಅಗಸಿ ಮುಂದಿನ ಬಯಲಿನಲ್ಲಿ ಟೀವಿ ಇಡುತ್ತಿದ್ದರು. ಮುಂದೆ ಅವರ ಗಂಡಸರು, ಹಿಂದೆ ಅವರ ಹೆಣ್ಣುಮಕ್ಕಳು, ಅದರ ಹಿಂದೆ ಒಂದು ಮಾರು ಜಾಗ ಬಿಟ್ಟು ನಾವು. ಅಷ್ಟು ದೂರದಿಂದ ರಾಜಕುಮಾರರ ಮುಖ ಹೆಬ್ಬೆಟ್ಟಿನಷ್ಟು ಕಾಣುತ್ತಿತ್ತು. ಮಾತು ಕೇಳುತ್ತಿರಲಿಲ್ಲ. ಎರಡು ವರ್ಷ ಹೀಗೆ ನೋಡಿದೆವು. ಮೂರನೆಯ ವರ್ಷ ಕೇರಿಯ ಹುಡುಗರು ಮನೆಗೆ ಎರಡು ರೂಪಾಯಿಯಂತೆ ಪಟ್ಟಿ ಎತ್ತಿದೆವು. ಗದಗಿನಿಂದ ಟೀವಿಯನ್ನೂ ವಿಸಿಆರನ್ನೂ ಕೌದಿಯಲ್ಲಿ ಸುತ್ತಿ, ಕೂಸನ್ನು ತಂದಂಗೆ ತೊಡೆಯ ಮೇಲಿಟ್ಟುಕೊಂಡು, ಮೀಟರ್ ಗೇಜಿನ ಪ್ಯಾಸೆಂಜರ್ ಗಾಡಿಯಲ್ಲಿ ತಂದೆವು. ಕೇರಿಯ ಕಟ್ಟೆಯ ಮೇಲೆ ಇಟ್ಟು ಬೆಳತನಕ ಮೂರು ಸಿನಿಮಾ ನೋಡಿದೆವು. ನಡುರಾತ್ರಿ ಊರಿನ ಹುಡುಗರು ಒಬ್ಬೊಬ್ಬರೇ ಬಂದು ಹಿಂದೆ ನಿಂತರು. ಜಾಗ ಬಿಟ್ಟು ನಿಲ್ರಿ ಅಂತ ನಾವ್ಯಾರೂ ಅನ್ನಲಿಲ್ಲ.

ಆವತ್ತೇ ಎರಡನೆಯ ಸಿನಿಮಾದ ನಡುವೆ ಯಂತ್ರ ಟೇಪು ನುಂಗಿತು. ಅದರ ಜೊತೆ ಬಂದಿದ್ದ ವಿಡಿಯೋದವನು ಮುಚ್ಚಳ ಬಿಚ್ಚಿದ. ಬ್ಯಾಟರಿ ಹಿಡಿದು ನಿಂತವನು ನಾನು. ಒಳಗೆ ಬೆಳ್ಳಿಯಂತೆ ಹೊಳೆಯುವ ಒಂದು ಡ್ರಮ್ಮು, ತುಸು ವಾರೆಯಾಗಿ ಕೂತದ್ದು. ಆತ ಬೆರಳಿನಿಂದ ಒಂದು ಚಕ್ರ ತಿರುವಿ ಸಿಕ್ಕ ಟೇಪನ್ನು ನಿಧಾನಕ್ಕೆ ಹಿಂದಕ್ಕೆ ಸುತ್ತಿದ. ಐದು ನಿಮಿಷ. ಮತ್ತೆ ಸಿನಿಮಾ ಓಡಿತು. ಇಷ್ಟೇನಾ ಅನ್ನಿಸಿತು ನನಗೆ. ದೇವರ ಮೂರ್ತಿಯಂತೆ ಮುಟ್ಟಬಾರದ್ದು ಎಂದುಕೊಂಡಿದ್ದ ಪೆಟ್ಟಿಗೆಯೊಳಗೆ ಇದ್ದದ್ದು ಚಕ್ರ, ಬೆಲ್ಟು, ಸ್ಪ್ರಿಂಗು. ಬಿಚ್ಚಿದರೆ ಯಾರಿಗೂ ಕಾಣುವಂಥವು.

ನಮ್ಮಪ್ಪ ರೈಲ್ವೆಯಲ್ಲಿ ಕೀಮನ್. ಹೆಗಲ ಮೇಲೆ ಸುತ್ತಿಗೆ, ಪಾನಾ ಇಟ್ಟುಕೊಂಡು ದಿನಾ ಬನ್ನಿಕೊಪ್ಪದ ದಿಕ್ಕಿಗೆ ಹಳಿ ಹಿಡಿದು ನಡೆಯುವುದು, ಸಡಲಾದ ಕೀಲಿಗಳನ್ನು ಬಡಿದು ಬಿಗಿ ಮಾಡುವುದು ಅವನ ಕೆಲಸ. ಗಾಡಿಯೊಳಗೆ ಕೂತವರಿಗೆ ಇಂಥವನೊಬ್ಬ ಇದ್ದಾನೆಂದೇ ಗೊತ್ತಿರುವುದಿಲ್ಲ. ಅಪ್ಪ ಹೇಳುತ್ತಿದ್ದ: "ಗಾಡಿ ಬೀಳಾಕ ಮುಂಚೆ ನೋಡೋದು ನಮ್ಮ ಕೆಲ್ಸ ತಮ್ಮಾ. ಬಿದ್ದ ಮ್ಯಾಲ ನೋಡಾಕ ಸಾಹೇಬ್ರು ಬರ್ತಾರ." ಯಂತ್ರದ ವಿಷಯದಲ್ಲಿ ನಾನು ಕಲಿತ ಮೊದಲನೆಯ ಪಾಠ ಇದೇ.

1991ರಲ್ಲಿ ಅಕ್ಕನ ಮದುವೆಯಾಯಿತು. ಬಾಬಾಸಾಹೇಬರ ಜನ್ಮಶತಾಬ್ದಿಯ ವರ್ಷ. ಅಪ್ಪ ಸಾಲ ತೆಗೆದು ವಿಡಿಯೋ ಮಾಡಿಸಿದ. ಕ್ಯಾಮರಾದವನು ಹೂಮಾಲೆ ಹಾಕಿಸಿಕೊಳ್ಳುವ ದೊಡ್ಡವರನ್ನು ತೆಗೆದ, ಸಾಲಾಗಿ ಇಟ್ಟ ಭಾಂಡೆಗಳನ್ನು ತೆಗೆದ, ಗಂಡಿನ ಕೈಗಡಿಯಾರ ತೆಗೆದ. ಅರಿಷಿಣದ ಹೊತ್ತಿನಲ್ಲಿ ಲೈಟು ಸರಿಮಾಡಲು ಕ್ಯಾಮರಾವನ್ನು ಚಾಲೂ ಇಟ್ಟೇ ಪಕ್ಕಕ್ಕೆ ತಿರುಗಿಸಿದ. ಅಲ್ಲಿ ಗೋಡೆಗೆ ಆತು ಕೂತು ಅವ್ವ, ಚಿಗವ್ವ, ಓಣಿಯ ಇನ್ನಿಬ್ಬರು ಸೋಬಾನದ ಪದ ಹಾಡುತ್ತಿದ್ದರು. ಯಾರೂ ತಮ್ಮನ್ನು ನೋಡುತ್ತಿಲ್ಲ ಎಂಬ ಧೈರ್ಯದಲ್ಲಿ ಗಟ್ಟಿಯಾಗಿ ಹಾಡುತ್ತಿದ್ದರು. ಆ ಮೂರು ನಿಮಿಷ ಹಾಗೆ ಸಿಕ್ಕದ್ದು. ಆ ಪದ ನಾನು ಓದಿದ ಯಾವ ಜನಪದ ಸಂಗ್ರಹದಲ್ಲೂ ಇಲ್ಲ. ಹಾಡಿದ ನಾಲ್ವರಲ್ಲಿ ಈಗ ಯಾರೂ ಇಲ್ಲ.

2001ರಲ್ಲಿ ಗದಗಿನ ಒಂದು ವಿಡಿಯೋ ಲೈಬ್ರರಿ ಮುಚ್ಚಿತು. ಎಲ್ಲರೂ ಸೀಡಿಗೆ ಹೋಗಿದ್ದರು. ಅವರ ಹಳೇ ವಿಸಿಆರನ್ನು ನಾನು ಕೊಂಡೆ. ಅಂದಿನಿಂದ ಅದರ ಕೀಮನ್ ನಾನೇ.

ಇನ್ನು ಯಂತ್ರದ ಮಾತು. ಒಕ್ಕಲುತನ ಬಲ್ಲವರಿಗೆ ಇದು ಕಷ್ಟವಲ್ಲ. ಟೇಪಿನ ಅಗಲ ಅರ್ಧ ಇಂಚು. ಅದು ಸೆಕೆಂಡಿಗೆ ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು ಸರಿಯುತ್ತದೆ, ಆಮೆಯಂತೆ. ಆದರೆ ವಾರೆಯಾಗಿ ಕೂತ ಡ್ರಮ್ಮು ನಿಮಿಷಕ್ಕೆ 1,500 ಸುತ್ತು ತಿರುಗುತ್ತದೆ. ಡ್ರಮ್ಮಿನ ಅಂಚಿನಲ್ಲಿ ಎದುರುಬದುರಾಗಿ ಎರಡು ಹೆಡ್ಡುಗಳು, ಸಾಸಿವೆಗಿಂತ ಸಣ್ಣವು. ಒಂದೊಂದು ಹೆಡ್ಡು ಟೇಪಿನ ಮೇಲೆ ಒಂದೊಂದು ಓರೆ ಸಾಲು ಹೊಡೆಯುತ್ತದೆ. ಎರಡು ಸಾಲಿಗೆ ಒಂದು ಚಿತ್ರ, ಸೆಕೆಂಡಿಗೆ 25 ಚಿತ್ರ. ಒಂದು ಸಾಲಿನ ಅಗಲ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲು. ರೆಕಾರ್ಡು ಮಾಡುವುದೆಂದರೆ ಕೂರಿಗಿ ಹೊಡೆದಂತೆ. ನೋಡುವುದೆಂದರೆ ಬಿತ್ತಿದ ಸಾಲಿನಲ್ಲೇ ಎಡಿಕುಂಟಿ ಹೋದಂತೆ. ಎತ್ತು ತುಸು ಸರಿದರೆ ಬೆಳೆ ಕಡಿಯುತ್ತದಲ್ಲ, ಹಾಗೇ ಹೆಡ್ಡು ಸಾಲು ತಪ್ಪಿದರೆ ಚಿತ್ರದ ಮೇಲೆ ಅಡ್ಡಗೆರೆ ಓಡುತ್ತವೆ. ಮುಂದಿರುವ ಟ್ರ್ಯಾಕಿಂಗ್ ಗುಂಡಿ ಎತ್ತನ್ನು ಸಾಲಿಗೆ ತರುವ ಹಗ್ಗ. ಅಡ್ಡಗೆರೆ ಬಂದರೆ ಮೊದಲು ಅದನ್ನು ತಿರುವಿ ನೋಡಬೇಕು. ಟೇಪಿಗೆ ದಾರಿ ತೋರಿಸುವ ಕಂಬಗಳ ಸ್ಕ್ರೂಗಳನ್ನು ಮುಟ್ಟಬಾರದು. ಅವು ಸರಿದರೆ ಮತ್ತೆ ಕೂರಿಸುವುದು ಬಹಳ ಕಷ್ಟ.

ಬಿಚ್ಚುವ ಮುಂಚೆ ಪ್ಲಗ್ಗು ಕೀಳಬೇಕು. ಕಿತ್ತ ಕೂಡಲೇ ವಿದ್ಯುತ್ ಭಾಗಕ್ಕೆ ಕೈ ಹಾಕಬಾರದು. ಅಲ್ಲಿನ ದೊಡ್ಡ ಕೆಪಾಸಿಟರು ಕರೆಂಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತದೆ. ಯಂತ್ರ ಪೂರಾ ಸತ್ತಂತಿದ್ದರೆ ಮೊದಲು ಫ್ಯೂಸು, ಆಮೇಲೆ ಉಬ್ಬಿದ ಅಥವಾ ಒಣಗಿದ ಕೆಪಾಸಿಟರು. ಅದನ್ನು ಬೆಸುಗೆ ಬಲ್ಲವರಿಗೇ ಬಿಡುವುದು ಒಳ್ಳೆಯದು. ನಮ್ಮ ಹಳ್ಳಿಗಳ ಕರೆಂಟಿಗೆ ಸ್ಟೆಬಿಲೈಜರ್ ಬೇಕೇ ಬೇಕು.

ಇನ್ನೊಂದು ಮಾತು. ಅಂಗಳದ ಬಿಸಿಲಿನಲ್ಲಿ ಮುಚ್ಚಳ ತೆಗೆದು ಓಡಿಸಿದರೆ ಯಂತ್ರ ತಟಕ್ಕನೆ ನಿಲ್ಲುತ್ತದೆ. ಅದು ರೋಗವಲ್ಲ. ಟೇಪಿನ ಎರಡೂ ತುದಿಯಲ್ಲಿ ಪಾರದರ್ಶಕ ಪಟ್ಟಿ ಇರುತ್ತದೆ. ಅದರೊಳಗಿಂದ ಬೆಳಕು ದಾಟಿದಾಗ ಟೇಪು ಮುಗಿಯಿತೆಂದು ಯಂತ್ರ ತಿಳಿಯುತ್ತದೆ. ಬಿಸಿಲು ಬಿದ್ದರೂ ಹಾಗೇ ತಿಳಿಯುತ್ತದೆ. ನೆರಳಿನಲ್ಲಿ ಕೂತು ನೋಡಬೇಕು.

ಓಡಿದ ಕೆಲವೇ ಸೆಕೆಂಡಿಗೆ ನಿಂತರೆ, ಟೇಪು ಹೊರಗೆ ಜೋತುಬಿದ್ದು ಬಂದರೆ, ದೋಷ ಬಹಳ ಸಲ ರಬ್ಬರಿನದು. ಸುರುಳಿ ತಿರುಗಿಸುವ ಬೆಲ್ಟು, ಸಣ್ಣ ರಬ್ಬರ್ ಚಕ್ರ ವಯಸ್ಸಾಗಿ ಬಿರುಸಾಗುತ್ತವೆ, ಹೊಳಪು ಹಿಡಿಯುತ್ತವೆ, ಜಾರುತ್ತವೆ. ಮೊದಲು ಒರೆಸಿ ನೋಡಬೇಕು. ಆಗದಿದ್ದರೆ ಹಳೇ ಬೆಲ್ಟನ್ನು ಅಳತೆಗೆ ಒಯ್ದು ಹುಬ್ಬಳ್ಳಿಯಲ್ಲೋ ಗದಗಿನಲ್ಲೋ ಹೊಸದು ಹುಡುಕಬೇಕು. ನೋಟಿಗೆ ಹಾಕುವ ರಬ್ಬರ್ ಬ್ಯಾಂಡ್ ಹಾಕಿದರೆ ನಾಲ್ಕು ದಿನ ಓಡಿ ಟೇಪು ನುಂಗುತ್ತದೆ. ಹೊಲಿಗೆ ಮಿಷನ್ನಿನ ಎಣ್ಣೆ ಬಿಡುವ ಚಟ ಕೆಲವರಿಗಿದೆ. ರಬ್ಬರಿಗೆ ಎಣ್ಣೆ ತಾಗಿದರೆ ಅದರ ಕತೆ ಮುಗಿಯಿತು.

ಮಳೆಗಾಲದಲ್ಲಿ ಯಂತ್ರ ಮುನಿಸಿಕೊಳ್ಳುತ್ತದೆ. ತೇವ ಕೂತ ಡ್ರಮ್ಮಿಗೆ ಟೇಪು ಅಂಟುತ್ತದೆಂದು ಕೆಲವು ಯಂತ್ರಗಳು ತಾವೇ ಓಡುವುದಿಲ್ಲ. ಬೆಚ್ಚಗಿನ ಒಣ ಜಾಗದಲ್ಲಿ ಎರಡು ತಾಸು ಇಟ್ಟರೆ ಸರಿಹೋಗುತ್ತದೆ. ಬಡಿದರೆ ಸರಿಹೋಗುವುದಿಲ್ಲ.

ದನಿ ಕೇಳುತ್ತದೆ, ಚಿತ್ರದ ಬದಲು ಹಿಮ ಸುರಿದಂತೆ ಚುಕ್ಕೆ ಕಾಣುತ್ತದೆ ಎಂದರೆ ಹೆಡ್ಡಿಗೆ ಕೊಳೆ ಕೂತಿದೆ ಎಂದು ಅರ್ಥ. ನಮ್ಮ ಎರಿ ಮಣ್ಣಿನ ಧೂಳಿಗೆ ಇದು ಆಗಿಂದಾಗ ಆಗುತ್ತದೆ. ಇಲ್ಲಿ ಅರಳೆ ಮುಟ್ಟಿಸಬಾರದು. ಅರಳೆಯ ಎಳೆ ಸಿಕ್ಕಿ ಹೆಡ್ಡಿನ ತುದಿ ಮುರಿಯುತ್ತದೆ. ಮೆತ್ತನೆಯ ತೊಗಲಿನ ತುಂಡಿಗೆ ಐಸೋಪ್ರೊಪೈಲ್ ಆಲ್ಕೊಹಾಲ್ ತುಸು ಸೋಕಿಸಿ, ಡ್ರಮ್ಮಿನ ಪಕ್ಕಕ್ಕೆ ಹಗುರಾಗಿ ಒತ್ತಿ, ಆ ಕೈ ಅಲುಗಿಸದೆ, ಇನ್ನೊಂದು ಕೈಯಿಂದ ಡ್ರಮ್ಮನ್ನು ಮೇಲಿನಿಂದ ನಿಧಾನಕ್ಕೆ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಬಾರದು. ಒರೆಸಿದ ಮೇಲೆ ಪೂರಾ ಆರಬೇಕು. ಅಲುಗದ ದನಿಯ ಹೆಡ್ಡಿಗೆ, ಉಕ್ಕಿನ ಕಂಬಗಳಿಗೆ ಅರಳೆ ನಡೆಯುತ್ತದೆ.

ಆ ತೊಗಲಿಗೆ ಶ್ಯಾಮೋಯಿ ಎಂದು ಹೆಸರು. ಮೊದಲ ಸಲ ಅಂಗಡಿಯವನು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬೆಲೆ ಹೇಳಿ, ಗಾಜಿನ ಪೆಟ್ಟಿಗೆಯಿಂದ ತೆಗೆದುಕೊಟ್ಟ. ಮನೆಗೆ ತಂದಾಗ ಅಪ್ಪ ಬೆರಳಲ್ಲಿ ಹಿಚುಕಿ, ಮೂಸಿ ನೋಡಿದ.

"ಕುರಿ ತೊಗಲು ಇದು. ಒಳಗಿನ ಪದರು. ಎಣ್ಣಿ ಕುಡಿಸಿ ಹದಾ ಮಾಡ್ಯಾರ."

"ನಮ್ಮ ಮುತ್ಯಾನೂ ಹಿಂಗ ಮಾಡ್ತಿದ್ದನೇನಪ?"

"ಇಲ್ಲೋ. ಅವ ತಂಗಡಿ ತೊಗಟಿ ಹಾಕಿ ಮಾಡ್ತಿದ್ದ. ಅದು ಬಿರಸು. ಕೆರಕ್ಕ ಬರ್ತದ, ಮಟಿಗಿ ಬರ್ತದ. ಇದಕ್ಕ ಬರಂಗಿಲ್ಲ."

ಕಣ್ಣು ಮುಚ್ಚಿ ಮುಟ್ಟಿ ಹೇಳಿಬಿಟ್ಟ. ಇಂಥ ತಿಳಿವಳಿಕೆಗೆ ಶಾಲೆಯಲ್ಲಿ ವಿಜ್ಞಾನವೆಂದು ಹೆಸರು. ನಮ್ಮ ಮುತ್ಯಾನ ಕೈಯಲ್ಲಿದ್ದಾಗ ಅದಕ್ಕೆ ಮೈಲಿಗೆ ಎಂದು ಹೆಸರಿತ್ತು. ಅದೇ ತೊಗಲು ಗಾಜಿನ ಪೆಟ್ಟಿಗೆಯೊಳಗೆ ಹೋದರೆ ಹೆಡ್ ಕ್ಲೀನರ್. ಅದನ್ನು ಮುಟ್ಟಿದ ಕೈಯನ್ನು ಯಾರೂ ತೊಳೆಯುವುದಿಲ್ಲ. ಎಷ್ಟೋ ಮಡಿವಂತರ ಮನೆಯ ರಾಮಾಯಣದ ಕ್ಯಾಸೆಟ್ಟಿನ ಚಿತ್ರ ಸ್ವಚ್ಛ ಕಂಡದ್ದು ಈ ತೊಗಲಿನಿಂದ ಎಂದು ನೆನೆದಾಗ ನನಗೆ ನಗು ಬರುತ್ತದೆ. ನಕ್ಕ ಮೇಲೆ ಸಿಟ್ಟೂ ಬರುತ್ತದೆ.

ಯಂತ್ರದಷ್ಟೇ ಕ್ಯಾಸೆಟ್ಟಿಗೂ ಆರೈಕೆ ಬೇಕು. ಕಿಟಕಿಯಲ್ಲಿ ಇಣುಕಿದಾಗ ಟೇಪಿನ ಅಂಚಿಗೆ ಬಿಳೀ ಬೂಷ್ಟು ಕಂಡರೆ ಅದನ್ನು ಯಂತ್ರಕ್ಕೆ ಹಾಕಬಾರದು. ಹೆಡ್ಡು ಕೆಡುತ್ತದೆ, ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಅಂಥದನ್ನು ಬೇರೆ ಇಟ್ಟು, ನೆರಳಿನಲ್ಲಿ ಒಣಗಿಸಿ, ಬಲ್ಲವರಿಗೆ ತೋರಿಸಬೇಕು. ಬಿಸಿಲಿಗಿಡಬಾರದು, ಸ್ಪೀಕರಿನ ಪಕ್ಕ ಇಡಬಾರದು. ಅಯಸ್ಕಾಂತ ಚಿತ್ರವನ್ನು ಅಳಿಸುತ್ತದೆ. ಪೂರಾ ಸುತ್ತಿ, ಪುಸ್ತಕದಂತೆ ನಿಲ್ಲಿಸಿ ಇಡಬೇಕು. ವರ್ಷಗಟ್ಟಲೆ ಕೂತ ಕ್ಯಾಸೆಟ್ಟನ್ನು ನೋಡುವ ಮುಂಚೆ ಒಂದು ಸಲ ಕೊನೆತನಕ ಓಡಿಸಿ ಹಿಂದಕ್ಕೆ ಸುತ್ತಿದರೆ ಟೇಪು ಸಡಿಲಾಗುತ್ತದೆ. ಡಬ್ಬಿ ಒಡೆದಿದ್ದರೆ ಹೆದರಬೇಕಿಲ್ಲ. ಕೆಳಗಿನ ಐದು ಸ್ಕ್ರೂ ಬಿಚ್ಚಿ ಸುರುಳಿಗಳನ್ನು ಒಳ್ಳೆಯ ಡಬ್ಬಿಗೆ ವರ್ಗ ಮಾಡಬಹುದು. ತುಂಡಾದ ಟೇಪಿಗೆ ಮಾತ್ರ ಅಂಗಡಿಯ ಸೆಲೋಟೇಪು ಹಚ್ಚಬೇಡಿ. ಅದರ ಅಂಟು ಹೆಡ್ಡಿಗೆ ವೈರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಹಲ್ಲು. ಕ್ಯಾಸೆಟ್ಟಿನ ಬೆನ್ನಿನ ಮೂಲೆಯಲ್ಲಿ ಸಣ್ಣ ಪ್ಲಾಸ್ಟಿಕ್ ಹಲ್ಲು ಇರುತ್ತದೆ. ಅದನ್ನು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಬೇರೆ ಏನೂ ರೆಕಾರ್ಡಾಗುವುದಿಲ್ಲ. ಎಷ್ಟು ಮನೆಗಳಲ್ಲಿ ಮದುವೆಯ ಮೇಲೆ ಕ್ರಿಕೆಟ್ಟು ಬಂದು ಕೂತಿದೆ! ಹೋರಾಟದ ಮೆರವಣಿಗೆಯ ಮೇಲೆ ಸೀರಿಯಲ್ಲು ಬಂದು ಕೂತಿದೆ! ನಮ್ಮ ಚರಿತ್ರೆಯ ಮೇಲೆ ಬೇರೆಯವರು ಬರೆದುಕೊಂಡು ಹೋಗುವುದು ಹೊಸ ಮಾತಲ್ಲ. ಇಲ್ಲಾದರೂ ತಡೆಯುವ ಉಪಾಯ ನಮ್ಮ ಹೆಬ್ಬೆರಳಿನಲ್ಲಿದೆ.

ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ ಎಂದು ಹೆಸರಾದ ಜಪಾನಿನ ಫುನಾಯ್, 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಬಿಡಿಭಾಗ ಸಿಗುವುದು ಕಷ್ಟವಾಗಿದೆ ಎಂಬುದೂ ಅವರು ಕೊಟ್ಟ ಕಾರಣಗಳಲ್ಲಿ ಒಂದು. 2019ರಲ್ಲಿ ಯುನೆಸ್ಕೊ ಆಶ್ರಯದಲ್ಲಿ ಜಗತ್ತಿಗೆಲ್ಲ ಒಂದು ಎಚ್ಚರಿಕೆ ಹೊರಟಿತು. 2025ರ ಸುಮಾರಿಗೆ ಇಂಥ ಟೇಪುಗಳನ್ನು ಓಡಿಸುವುದು ಹೆಚ್ಚೂಕಡಿಮೆ ಅಸಾಧ್ಯವಾಗುತ್ತದೆ, ಅಷ್ಟರಲ್ಲಿ ನಕಲು ಮಾಡಿಕೊಳ್ಳಿ ಎಂದು. ದೊಡ್ಡ ಸಂಸ್ಥೆಗಳು ತಮ್ಮದನ್ನು ಉಳಿಸಿಕೊಂಡಾವು. ಮಂತ್ರಿಗಳ ಭಾಷಣಕ್ಕೆ ಹತ್ತು ನಕಲು ಇರುತ್ತವೆ. ತಳಕಲ್ಲಿನ ಕೇರಿಯಲ್ಲಿ ಗೋಡೆಗೆ ಆತು ಹಾಡಿದ ನಾಲ್ವರು ಹೆಂಗಸರಿಗೆ ಯಾವ ಸಂಗ್ರಹಾಲಯ ಐತಿ?

ಈಗ ನಮ್ಮೂರಿನಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇದೆ. ಕುಕನೂರು, ಯಲಬುರ್ಗಾ ದಾಟಿ ಕುಷ್ಟಗಿಗೆ ಹೊಸ ರೈಲು ದಾರಿ ಹೊರಡುವುದೂ ಇಲ್ಲಿಂದಲೇ. 2025ರ ಮೇ ತಿಂಗಳಲ್ಲಿ ಕುಷ್ಟಗಿತನಕ ಗಾಡಿ ಓಡಿತು. ಕಾಲೇಜಿನಲ್ಲಿ ಓದುವ ಒಬ್ಬ ಹುಡುಗ ಸಣ್ಣದೊಂದು ಡಬ್ಬಿ ತಂದು ವಿಸಿಆರಿನ ಹಳದಿ, ಬಿಳಿ ವೈರುಗಳನ್ನು ಕಂಪ್ಯೂಟರಿಗೆ ಜೋಡಿಸಿದ. ಆತ ಹುಟ್ಟುವ ಹೊತ್ತಿಗೆ ವಿಸಿಆರ್ ಗುಜರಿ ಸೇರಿತ್ತು. ಕ್ಯಾಸೆಟ್ಟು ಒಳಗೆ ಹೋಗಿ ಕೂರುವುದನ್ನು ಬಗ್ಗಿ ಬಗ್ಗಿ ನೋಡಿದ. ಅವ್ವನ ಮೂರು ನಿಮಿಷ ನಕಲಾಯಿತು. ತುಸು ಗೊರ್ ಎನ್ನುವ ಸದ್ದು ಐತಿ, ಆದರೆ ಪದ ತಿಳಿಯುತ್ತದೆ. ಅಕ್ಕ ಅದನ್ನು ಫೋನಿನಲ್ಲಿ ಕೇಳಿ, ನಡುವಿನ ಒಂದು ಸಾಲನ್ನು ತಾನು ಬೇರೆ ಥರಾ ಕಲಿತದ್ದು ಎಂದಳು. ಅದನ್ನೂ ಬರೆದುಕೊಂಡೆ.

ನಕಲಾಯಿತಲ್ಲ, ಇನ್ನು ಯಂತ್ರ ಯಾಕೆ ಎಂದು ಕೇಳುವವರಿಗೆ ಉತ್ತರ ನಮ್ಮ ಪಡಸಾಲೆಯಲ್ಲಿ ಐತಿ. ಸುದ್ದಿ ತಿಳಿದು ಒಬ್ಬೊಬ್ಬರೇ ಕ್ಯಾಸೆಟ್ಟು ತರುತ್ತಿದ್ದಾರೆ. ಒಂದು ಮದುವೆ, ಒಂದು ನಾಟಕ, ಒಂದು ಜಯಂತಿಯ ಮೆರವಣಿಗೆ. ಬೂಷ್ಟು ಹಿಡಿದದ್ದನ್ನು ಬೇರೆ ಇಡುತ್ತೇನೆ. ದಿನಕ್ಕೆ ಎರಡಕ್ಕಿಂತ ಹೆಚ್ಚು ಓಡಿಸುವುದಿಲ್ಲ. ಓಡಿಸಿದ ಮೇಲೆ ತೊಗಲು ತೆಗೆದು ಒರೆಸುತ್ತೇನೆ.

ಗೆಳೆಯರೇ, ನಿಮ್ಮ ಊರಿನಲ್ಲಿ ಟ್ರಂಕು ತೆಗೆಯಿರಿ. ಶಾಲೆಯ ಮಾಸ್ತರರು ಮಕ್ಕಳಿಗೆ ಹೇಳಿದರೆ ಮನೆಮನೆಯಿಂದ ಸುದ್ದಿ ಬರುತ್ತದೆ. ಹಲ್ಲು ಮುರಿಯಿರಿ. ಮೂಲೆಯಲ್ಲಿ ಬಿದ್ದ ಯಂತ್ರ ಯಾರಲ್ಲಾದರೂ ಇದ್ದರೆ ಗುಜರಿಗೆ ಕೊಡಬೇಡಿ. ಕೆಟ್ಟದ್ದರಿಂದಲೂ ಒಂದು ಚಕ್ರ, ಒಂದು ಸ್ಪ್ರಿಂಗು ಸಿಗುತ್ತದೆ. ಮುದುಕಿಯರನ್ನು ಕೂರಿಸಿಕೊಂಡು ನೋಡಿ. ನಮ್ಮ ಕ್ಯಾಸೆಟ್ಟಿನ ಚೀಟಿಯ ಮೇಲೆ ಗಂಡು ಹೆಣ್ಣಿನ ಹೆಸರು, ತಾರೀಖು ಇವೆ; ವಿಡಿಯೋದವನ ಹೆಸರೂ ಐತಿ. ಹಾಡಿದವರ ಹೆಸರು ಇರಲಿಲ್ಲ. ಈಗ ನಾಲ್ಕೂ ಹೆಸರು ಬರೆದು ಅಂಟಿಸಿದ್ದೇನೆ. ನಿಮ್ಮ ಕ್ಯಾಸೆಟ್ಟಿನಲ್ಲಿ ಹಾಡಿದವರು, ಹಲಗೆ ಬಾರಿಸಿದವರು, ಅಡುಗೆ ಮಾಡಿದವರು ಯಾರೆಂದು ಗುರುತಿಸುವವರು ಇನ್ನೂ ಬದುಕಿದ್ದಾರೆ. ಕೇಳಿ ಬರೆದುಕೊಳ್ಳಿ.